ಗೆರೆಯಿಂದ ಕದಲದ ಇಬ್ಬರು

"ನಿಮ್ಮ ಮನ್ಯಾಗ ಹೊಲದ ಕೆಲಸಕ್ಕ ಬರೋರಿಗೆ ಚಾ ಕುಡಿಯಾಕ ಬ್ಯಾರೆ ಕಪ್ಪು ಇಟ್ಟಿದ್ರ, ಒಂದ ಹೆಜ್ಜಿ ಮುಂದ ಬರ್ರಿ. ಅಂಥಾ ಕಪ್ಪಿನ್ಯಾಗ ಕುಡದೋರಿದ್ರ, ಒಂದ ಹೆಜ್ಜಿ ಹಿಂದ ಸರೀರಿ."

ಕಬಡ್ಡಿ ಅಂಗಳದ ಸುಣ್ಣದ ಗೆರೆಯ ಮೇಲೆ ಸಾಲಾಗಿ ನಿಂತಿದ್ದ ಅಧ್ಯಾಪಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಲಹೊಂಗಲದ ಆ ಕಾಲೇಜಿನಲ್ಲಿ ಅಲ್ಲಿಯ ತನಕ ಇಂಥ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಆಮೇಲೆ ಒಬ್ಬೊಬ್ಬರೇ ಕದಲಿದರು. ಬಹಳ ಮಂದಿ ಮುಂದೆ, ನಾಲ್ಕು ಮಂದಿ ಹಿಂದೆ. ನಮಗೆ ಹೊಲವೇ ಇಲ್ಲ ಎಂದ ಪೇಟೆಯವರು ಬದಿಗೆ ಸರಿದು ನಿಂತರು.

ಉಮಾಶ್ರೀ ಮಾತ್ರ ಗೆರೆ ಬಿಟ್ಟು ಕದಲಲಿಲ್ಲ.

ದೊಡವಾಡದ ಮಡಿವಾಳೆಪ್ಪನವರ ಮಗಳು ಅವಳು. ಮೂವತ್ತು ಎಕರೆ ಜಮೀನು. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಮೂರು ಸ್ಟೀಲ್ ಕಪ್ಪುಗಳು ಬೋರಲು ಬಿದ್ದಿರುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಆದರೂ ಕಾಲು ಏಳಲಿಲ್ಲ!

ಸುಳ್ಳುಗಾತಿ ಅಂತ ನೀವು ಬೈಯಬಹುದು. ಬೈಯಿರಿ, ನಾನೂ ಬೈದಿದ್ದೇನೆ. ಆದರೆ ಅವಳು ಅತಿಥಿ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಮನೆ. ಮನೆಯಲ್ಲಿ ಅಪ್ಪ ನೋಡಿಟ್ಟ ಸಂಬಂಧವೊಂದು ಕಾದು ಕೂತಿತ್ತು. ಈ ಸಮಾನತೆ ತರಬೇತಿಯ ವರದಿ ಪ್ರಾಂಶುಪಾಲರ ಕೈಗೆ ಹೋಗುತ್ತದೆ, ಅದನ್ನು ನೋಡಿಯೇ ಈ ಸಲದ ಪಟ್ಟಿ ಅಂತ ಸ್ಟಾಫ್ ರೂಮಿನಲ್ಲಿ ಗುಸುಗುಸು ಎದ್ದಿತ್ತು.

ಅಂಜುತ್ತಲೇ ಅವಳು ಪಕ್ಕಕ್ಕೆ ನೋಡಿದಳು. ಗೆರೆಯ ಮೇಲೆ ಇನ್ನೊಬ್ಬ ನಿಂತಿದ್ದ.

ಪ್ರಶ್ನೆ ಕೇಳಿದವನೇ, ತರಬೇತಿ ಕೊಡಲು ಬಂದಿದ್ದ ಕಲ್ಮೇಶ! ಕೇಳುವವನೂ ಸಾಲಿನಲ್ಲಿ ನಿಲ್ಲಬೇಕು ಅಂತ ತರಬೇತಿಯ ನಿಯಮ. ಮನೋಳಿಯ ಕೂಲಿಕಾರ ಹೆಣ್ಣುಮಗಳ ಮಗ ನಾನು ಎಂದು ಬೆಳಿಗ್ಗೆ ತಾನೇ ಎಲ್ಲರೆದುರು ಹೇಳಿದ್ದ. ಹಾಗಾದರೆ ಹಿಂದೆ ಸರಿಯಬೇಕಿತ್ತಲ್ಲ? ಯಾಕೆ ನಿಂತ?

ಅವನು ಅವಳತ್ತ ನೋಡಿದ. ಆಮೇಲೆ ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡ.

'ನನ್ನ ಮ್ಯಾಲೆ ಕಣ್ಣಿಡಾಕಂತನ ನಿಂತಾನ ಇಂವ...' ಅಂದುಕೊಂಡಳು ಉಮಾಶ್ರೀ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಅವಳ ಕತೆ.

ಮರುದಿನದಿಂದ ಅವನನ್ನು ದೂರ ಇಡಬೇಕೆಂದಿದ್ದಳು. ಆದರೆ ಪ್ರಾಂಶುಪಾಲರು ಅವಳನ್ನೇ ಅವನ ಜೊತೆಗೆ ಹಾಕಿದರು. ವಿದ್ಯಾರ್ಥಿಗಳಿಗೂ ಇದೇ ತರಬೇತಿ ನಡೆಯಬೇಕಿತ್ತು, ಮೇಲಿನಿಂದ ಬಂದ ಪ್ರಶ್ನೆಗಳ ಕನ್ನಡ ಮಾತ್ರ ಯಾರಿಗೂ ತಿಳಿಯುವಂತಿರಲಿಲ್ಲ. ಕನ್ನಡ ಕಲಿಸುವವಳು ನೀನು, ತಿದ್ದಿ ಕೊಡಮ್ಮ ಎಂದರು.

ಲೈಬ್ರರಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಮೊದಲ ಪ್ರಶ್ನೆಯೇ, ನಿಮ್ಮ ಮನೆಯಲ್ಲಿ ಈಜುಕೊಳ ಇತ್ತೇ?

ಅದನ್ನು ಓದಿ ಕಲ್ಮೇಶ ಗಂಭೀರವಾಗಿ, ಮಲಪ್ರಭಾ ಹೊಳೆ ಲೆಕ್ಕಕ್ಕೆ ಹಿಡಿದರೆ ಮನೋಳಿಯವರೆಲ್ಲ ಹತ್ತು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ ಎಂದ. ಬೇಡ ಬೇಡ ಅಂದರೂ ಉಮಾಶ್ರೀಗೆ ನಗು ಬಂತು.

ಮೂರು ಮಧ್ಯಾಹ್ನ ಹೀಗೇ ಕಳೆದವು. ಅವಳು ಮಾತಾಡುವಾಗ ಅವನು ನಡುವೆ ಬಾಯಿ ಹಾಕುತ್ತಿರಲಿಲ್ಲ. ಇಷ್ಟು ಗಮನವಿಟ್ಟು ಅವಳ ಮಾತನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕನ್ನಡಿ ಮುಂದೆ ಎರಡು ಸಲ ಕುಂಕುಮ ತಿದ್ದಿಕೊಂಡಾಗ ಅವಳಿಗೇ ತನ್ನ ಮೇಲೆ ಸಿಟ್ಟು ಬಂತು.

ಆದರೆ ಸಂಶಯ ಬಿಡಬೇಕಲ್ಲ! ಆ ಕಪ್ಪಿನ ಪ್ರಶ್ನೆ ಅಚ್ಚಾದ ಹಾಳೆಯಲ್ಲಿ ಇರಲೇ ಇಲ್ಲ, ಅವನೇ ಪೆನ್ನಿನಲ್ಲಿ ಸೇರಿಸಿದ್ದ. ಅದನ್ನು ಕಂಡಾಗಲೇ ಅವಳ ನಗು ಇಂಗಿತು. ಅವತ್ತೇ ಸಂಜೆ ಸಿಪಾಯಿ ಶಟ್ಟೆಪ್ಪ ಬೇರೆ ಬಂದು, ಕಲ್ಮೇಶ ಸರ್ ನಿಮ್ಮ ಊರು ಯಾವುದು, ಯಾವ ಬಸ್ಸಿಗೆ ಹೋಗ್ತೀರಿ ಅಂತ ಕೇಳಾಕತ್ತಿದ್ರು ಎಂದು ಕಿವಿ ಚುಚ್ಚಿದ.

'ದೊಡವಾಡಕ್ಕ ಹೋಗಿ ವಿಚಾರಿಸಾಕತ್ತಾನ. ನಮ್ಮ ಕೊಟ್ಟಿಗಿ ತನಕ ಹೋಗಿ ಬಂದಾನೇನೋ...'

ಆ ಶನಿವಾರ ಮೊದಲ ದಿನದ ವರದಿಯ ಪ್ರತಿ ಎಲ್ಲರ ಕೈಗೆ ಬಂತು. ಅದರಲ್ಲಿ ಕಲ್ಮೇಶ ಬರೆದ ಒಂದು ಸಾಲು: ಕಪ್ಪಿನ ಪ್ರಶ್ನೆಗೆ ಸಾಲಿನಲ್ಲಿದ್ದ ಒಬ್ಬರು ಸುಳ್ಳು ಉತ್ತರ ಕೊಟ್ಟರು, ಅವರ ಹೆಸರನ್ನು ಕೊನೆಯ ದಿನ ತಿಳಿಸಲಾಗುವುದು.

ಉಮಾಶ್ರೀ ಆ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿದಳು. ಬೆನ್ನಿಗೆ ಚೂರಿ ಹಾಕುವವನ ಎದುರು ಕೂತು ಮೂರು ಮಧ್ಯಾಹ್ನ ನಕ್ಕಿದ್ದಳಲ್ಲ ತಾನು!

ಲೈಬ್ರರಿಗೆ ಯಾಕೆ ಬರಲಿಲ್ಲ ಎಂದು ಅವನು ಕೇಳಲು ಬಂದಾಗ ಅವಳು ಮುಖ ಎತ್ತಲಿಲ್ಲ.

"ನಿಮ್ಮ ನೋಟ್‌ಬುಕ್‌ನ್ಯಾಗ ನನ್ನ ಹೆಸರು ಬರಕೊಂಡೀರಿ ಹೌದಲ್ರಿ?"

ಕಲ್ಮೇಶನ ಮುಖ ಕೆಂಪಾಯಿತು. ಥಟ್ಟನೆ ನೋಟ್‌ಬುಕ್ ಇದ್ದ ಕಿಸೆಯನ್ನು ಕೈಯಿಂದ ಮುಚ್ಚಿಕೊಂಡ. ಇನ್ನೇನು ಸಾಕ್ಷಿ ಬೇಕು? ಅವಳು ಚೀಲ ಎತ್ತಿಕೊಂಡು ಹೋಗಿಬಿಟ್ಟಳು. ಬಸ್ಸಿನಲ್ಲಿ ದೊಡವಾಡ ಬರುವ ತನಕ ಅತ್ತಳು.

ಆ ಹೊತ್ತಿಗೆ ಇತಿಹಾಸದ ಕೃಷ್ಣಾಜಿ ಸರ್ ಒಂದು ತಕರಾರು ಅರ್ಜಿ ಬರೆದಿದ್ದರು. ಮುಂದಿನ ವರ್ಷ ನಿವೃತ್ತಿಯಾಗುವ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಅಜ್ಜ-ಮುತ್ತಜ್ಜ ಮಾಡಿದ್ದಕ್ಕೆ ಮೊಮ್ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ನಾಚಿಸುವುದು ಯಾವ ನ್ಯಾಯ, ನೊಂದವನು ಎಲ್ಲರೆದುರು ಹಿಂದೆ ಸರಿದು ತನ್ನ ನೋವು ತೋರಿಸಬೇಕೇನು ಎಂಬುದು ಅವರ ವಾದ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರಿಂದ ಯಾರಿಗೆ ನ್ಯಾಯ ಸಿಕ್ಕಿತು ಅಂತ ಹಿಂದೆ ಸರಿದಿದ್ದ ನಾಲ್ವರಲ್ಲಿ ಒಬ್ಬರು ಕೇಳಿದರು. ಸ್ಟಾಫ್ ರೂಮು ಎರಡು ಪಾಲಾಯಿತು.

ಅರ್ಜಿಯ ಕೊನೆಗೆ ಯಾರೋ ಇನ್ನೊಂದು ಮಾತು ಸೇರಿಸಿದ್ದರು: ತರಬೇತಿದಾರರು ಅಧ್ಯಾಪಕರನ್ನು ಸುಳ್ಳುಗಾರರೆಂದು ಬರೆದು ಬೆದರಿಸುತ್ತಿದ್ದಾರೆ, ಅವರನ್ನು ತೆಗೆದುಹಾಕಬೇಕು.

ಸೋಮವಾರ ಬೆಳಿಗ್ಗೆ ಉಮಾಶ್ರೀ ಅದನ್ನು ಓದಿದಳು. ಅವನು ಹೋದರೆ ತನ್ನ ಹೆಸರು ಹೊರಗೆ ಬರುವುದಿಲ್ಲ, ಕೆಲಸ ಉಳಿಯುತ್ತದೆ. ಸಹಿ ಹಾಕಿದಳು.

ಅವತ್ತೇ ಹನ್ನೊಂದಕ್ಕೆ ಸಭೆ. ಪ್ರಾಂಶುಪಾಲರು ಅರ್ಜಿ ಓದಿ, ಸುಳ್ಳು ಹೇಳಿದವರು ಯಾರು, ಕೊನೆಯ ದಿನದ ತನಕ ಕಾಯುವುದು ಬೇಡ, ಇಲ್ಲೇ ಹೇಳು ಎಂದರು. ಕಲ್ಮೇಶ ಎದ್ದ. ಉಮಾಶ್ರೀ ಸೆರಗಿನ ಚುಂಗು ಹಿಡಿದು ಕಣ್ಣು ಮುಚ್ಚಿದಳು.

"ನಾನ್ರಿ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಹಿಂದ ಸರೀಬೇಕಾಗಿತ್ತು ನಾನು. ನಮ್ಮವ್ವನ ಸಂಗಾಟ ಹೊಲಕ್ಕ ಹೋದಾಗ ಎಷ್ಟೋ ವರ್ಷ ಅಂಥಾ ಕಪ್ಪಿನ್ಯಾಗ ಕುಡದೇನಿ. ಪ್ರಶ್ನೆ ಬರದಾಂವ ನಾನ, ಆದ್ರ ಕಾಲು ಬರಲಿಲ್ಲ. ಎಲ್ಲಾರೂ ನೋಡಾಕತ್ತಿದ್ರು, ನಾಚಿಕಿ ಆತು. ಕೊನೀ ದಿನ ನಿಮ್ಮೆದುರಿಗೆ ಒಪ್ಪಿಕೋಬೇಕಂತ ಹಂಗ ಬರದೆ. ಕೃಷ್ಣಾಜಿ ಸರ್ ಹೇಳೂದು ಖರೇ ಐತ್ರಿ. ನೊಂದೋರನ್ನ ಹಿಂದ ಸರೀರಿ ಅನಬಾರದಿತ್ತು. ಇನ್ನ ಆ ಹೆಜ್ಜಿ ಆಟ ನಾ ಮಾಡ್ಸೂದಿಲ್ಲ. ಕೂತು ಮಾತಾಡೂಣು."

ಅಷ್ಟು ಹೇಳಿ ಅವನು ಕೂತ.

ಉಮಾಶ್ರೀ ಪಾರಾಗಿದ್ದಳು! ಅವಳ ಸುಳ್ಳು ಇನ್ನು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಜೂನ್ ಪಟ್ಟಿ, ಕೆಲಸ, ಎಲ್ಲ ಭದ್ರ. ಸುಮ್ಮನೆ ಕೂತರೆ ಆಯಿತು. ಆದರೆ ಅವನ ಮುಖ ನೋಡುತ್ತಿದ್ದಂತೆ ಅವಳಿಗೆ ಕೂರಲು ಆಗಲಿಲ್ಲ. ಇಂಥವನ ಮೇಲೆ ಸಂಶಯಪಟ್ಟೆನಲ್ಲ ಎಂದುಕೊಳ್ಳುತ್ತಲೇ ಎದ್ದು ನಿಂತಳು.

"ಸರ್, ನಾನೂ ಸುಳ್ಳು ಹೇಳೇನ್ರಿ." ಅವಳು ಪ್ರಾಂಶುಪಾಲರತ್ತ ತಿರುಗಿದಳು. "ನಮ್ಮ ಮನ್ಯಾಗ ಆ ಕಪ್ಪು ಈಗೂ ಅದಾವ. ನನ್ನ ಹೆಸರು ಹೊರಗ ಬೀಳ್ತೈತಿ ಅಂತ ಅಂಜಿ ಇವರನ್ನ ಕಳಸಾಕ ಸಹಿ ಹಾಕಿದೆ. ನನ್ನ ಸಹಿ ತಗೀರಿ. ಪಟ್ಟ್ಯಾಗ ನನ್ನ ಹೆಸರು ಇಡೂದು ಬಿಡೂದು ನಿಮಗ ಬಿಟ್ಟದ್ದು."

ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿಯ ವಿಚಾರ ಜೂನ್‌ನಲ್ಲಿ ನೋಡೋಣ ಎಂದಷ್ಟೇ ಹೇಳಿದರು. ಕೃಷ್ಣಾಜಿ ಸರ್ ಎದ್ದು ಬಂದು ಅರ್ಜಿಯ ಕೊನೆಯ ಮಾತನ್ನು ತಮ್ಮ ಪೆನ್ನಿನಿಂದಲೇ ಹೊಡೆದುಹಾಕಿದರು. ತರಬೇತಿಯ ಬಗ್ಗೆ ನನ್ನ ತಕರಾರು ಇನ್ನೂ ಅದ, ಆದರೆ ಈ ಹುಡುಗನ ಜೊತೆ ಕೂತು ಜಗಳ ಆಡಬಹುದು ಎಂದರು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅವನೇ ಬಂದು ಅವಳ ಪಕ್ಕದಲ್ಲಿ ನಿಂತ.

"ನನ್ನ ಊರು ಯಾಕ ಕೇಳಿದ್ರಿ ಶಟ್ಟೆಪ್ಪನ್ನ?" ಮೊದಲು ಅವಳೇ ಕೇಳಿದಳು.

"ಯಾವ ಬಸ್ಸಿನ ಮುಂದ ನಿಂತ್ರ ನೀವು ಸಿಗ್ತೀರಿ ಅಂತ ತಿಳೀಬೇಕಾಗಿತ್ರಿ."

"ಮತ್ತ ನೋಟ್‌ಬುಕ್‌ನ್ಯಾಗ ನನ್ನ ಹೆಸರು?"

"ಬರದದ್ದು ಖರೇ. ಎರಡು ಪುಟ ತುಂಬ ನಿಮ್ಮ ಹೆಸರ ಐತಿ." ಅವನ ಮುಖ ಮತ್ತೆ ಕೆಂಪಾಯಿತು. "ಅದನ್ನ ಸಭಾದಾಗ ಹೆಂಗ ತೋರಸ್ಲಿ?"

ಉಮಾಶ್ರೀಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಇವನಿಲ್ಲದೆ ತನಗೆ ಬೇರೆ ಬಾಳು ಬೇಡ ಎಂದು ಆ ಕ್ಷಣ ಅವಳಿಗೆ ಖಚಿತವಾಯಿತು. ಆದರೆ ಹೊಸ ಅಂಜಿಕೆಯೊಂದು ಹಿಡಿಯಿತು.

"ನಿಮ್ಮವ್ವಾರು ನನ್ನನ್ನ ಮನಿ ಒಳಗ ಕರೀತಾರೇನ್ರಿ?"

ಗೊತ್ತಿಲ್ಲ ಎಂದ ಅವನು. ನಮ್ಮವ್ವ ಫಕೀರವ್ವ ಯಾರನ್ನೂ ಬೇಗ ನಂಬುವವಳಲ್ಲ, ಕೇಳಿಯೇ ನೋಡಬೇಕು ಎಂದು ಅಲ್ಲೇ ಫೋನ್ ಹಚ್ಚಿ ಸ್ಪೀಕರ್ ಮಾಡಿದ. ಎಲ್ಲ ಕೇಳಿಸಿಕೊಂಡ ಫಕೀರವ್ವ, ಯಾರ ಮಗಳು ಎಂದು ಕೇಳಿದಳು. ದೊಡವಾಡದ ಮಡಿವಾಳೆಪ್ಪನವರ ಮಗಳು ಎಂದಾಗ ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. ಉಮಾಶ್ರೀ ಫೋನಿನ ಹತ್ತಿರಕ್ಕೆ ಬಾಗಿದಳು.

"ಆಕಿಗೆ ಹೇಳು," ಎಂದಿತು ಆ ದನಿ. "ಬರೂದಿದ್ರ ಹಗಲಾಗ ಬರಬೇಕು. ಓಣಿ ಮಂದಿ ಎಲ್ಲಾ ನೋಡ್ಲಿ. ಕತ್ತಲಾದ ಮ್ಯಾಲೆ ಕದ್ದು ಬಂದು, ಮುಂಜಾನೆ ಗುರ್ತ ಇಲ್ಲದೋರಂಗ ಹೋಗೋ ದೊಡ್ಡ ಮಂದಿನ್ನ ಬಾಳ ನೋಡೇನಿ ನಾ."

ಕಲ್ಮೇಶ ತಲೆ ತಗ್ಗಿಸಿದ. ಉಮಾಶ್ರೀ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ನಾಳಿ ಹನ್ನೆರಡರ ಬಿಸಲಾಗ ಬರತೇನ್ರಿ ಅತ್ತಿ. ಊರ ಅಗಸಿ ಬಾಗಲಿಂದ ನಡಕೊಂತನ ಬರತೇನಿ."

"ಅತ್ತಿ ಗಿತ್ತಿ ಆಮ್ಯಾಲೆ. ಮೊದಲ ಬಾ." ಫೋನ್ ಕಟ್ಟಾಯಿತು.

ದೊಡವಾಡದ ಬಸ್ಸು ಬಂದು ನಿಂತು, ಮಂದಿ ಹತ್ತಿ, ಹೋಗಿಯೂ ಬಿಟ್ಟಿತು. ಅವಳು ಹತ್ತಲಿಲ್ಲ.

"ಅತ್ತಿ ಅಂದ್ರಲ್ಲ ಈಗ..." ಕಲ್ಮೇಶನ ದನಿ ಮೆತ್ತಗಾಗಿತ್ತು. "ಖರೇ ಅಂದ್ರೋ, ಬಾಯಿ ತಪ್ಪಿ ಬಂತೋ?"

"ಈಗ ನಿಮಗ ಬಂತೇನು ಸಂಶಯ?"

"ಸ್ವಲ್ಪ."

ನಟ್ಟನಡು ಬಸ್ ಸ್ಟ್ಯಾಂಡಿನಲ್ಲಿ, ಅಷ್ಟೂ ಮಂದಿಯೆದುರು, ಅವಳು ಅವನ ಕೈ ಹಿಡಿದಳು.

"ಈಗ?"

"ಈಗ ಇಲ್ಲ," ಎಂದ ಅವನು.