ಅವನು ತೆಗೆಸಿದ ಹೆಸರು

"ನಿಲ್ಲಿಸಿ ಮೇಡಂ! ಆ ಏರಿಕೆ ಸುಳ್ಳು."

ಸೆಮಿನಾರ್ ಹಾಲಿನ ಹಿಂದಿನ ಸಾಲಿನಿಂದ ಬಂದ ಮಾತು ಅವಳ ಮುಖಕ್ಕೆ ಹೊಡೆದ ಹಾಗಿತ್ತು. ಪರದೆಯ ಮೇಲೆ ಅವಳು ರಾತ್ರಿಯೆಲ್ಲ ನಿದ್ದೆಗೆಟ್ಟು ಬಿಡಿಸಿದ ಗೆರೆ. ಮೇಲಿನ ಗಾಳಿ ಬಿಸಿಯಾಗುತ್ತಿದೆ ಅನ್ನೋ ಗೆರೆ.

"ಯಾಕೆ ಸುಳ್ಳು?"

"ಆ ವರ್ಷ ಮೇಲಿನ ಗಾಳಿ ಅಳೆಯೋಕೆ ಹಾರಿಸೋ ಬಲೂನಿಗೆ ಕಟ್ಟೋ ಥರ್ಮಾಮೀಟರ್ ಬದಲಾಯಿಸಿದ್ವಿ. ಅಷ್ಟು ಬಿಸಿ ತೋರಿಸಿದ್ದು ಗಾಳಿಯಲ್ಲ, ನಮ್ಮ ಹೊಸ ಯಂತ್ರ!"

ಇಡೀ ಹಾಲ್ ನಕ್ಕಿತು. ಅಂಕಿಅಂಶ ವಿಭಾಗದ ಅವಳು ಮಾತ್ರ ನಗಲಿಲ್ಲ.

ಹಾಗೆ ಕೂಗಿದ ಹವಾಮಾನ ವಿಭಾಗದ ಆ ಪುಣ್ಯಾತ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ಬಲೂನು ಅಂತ. ಮಾರನೇ ದಿನ ಅವಳು ನೇರ ಅವನ ಕೋಣೆಗೇ ನುಗ್ಗಿದಳು.

"ತಪ್ಪು ಹೇಳೋಕೆ ಬಾಯಿ ಇದೆಯಲ್ಲ, ಸರಿ ಮಾಡೋಕೆ ಕೈ ಇದೆಯಾ?"

ಇತ್ತು. ಯಂತ್ರದ ಸುಳ್ಳನ್ನೂ ಗಾಳಿಯ ನಿಜವನ್ನೂ ಬೇರ್ಪಡಿಸೋ ಒಂದು ದಾರಿಯನ್ನು ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಹುಡುಕಿದರು. ಯಂತ್ರದ ಗುಣ ಅವನಿಗೆ ಗೊತ್ತು, ಲೆಕ್ಕ ಅವಳಿಗೆ. ಜಗಳ ಆಡ್ತಾ ಆಡ್ತಾ "ನೀವು" ಹೋಗಿ "ನೀನು" ಬಂತು.

ಆ ಕೆಲಸದ ಮೇಲೆ ಬರೆದ ಪೇಪರನ್ನು ಪತ್ರಿಕೆಗೆ ಕಳಿಸೋ ದಿನ ಬೆಳಗ್ಗೆ ಅವನು ಬಾಗಿಲಲ್ಲೇ ನಿಂತ.

"ನನ್ನ ಹೆಸರು ತೆಗೆದುಬಿಡು."

"ಯಾಕೆ?"

"ಬೇಡ... ಅಷ್ಟೇ."

ಈ ಕೆಲಸದ ಮೇಲೆ ಇವನಿಗೆ ನಂಬಿಕೆಯಿಲ್ಲ... ನನ್ನ ಮೇಲೂ! ಅಂದುಕೊಂಡಳು ಅವಳು. ಹೆಸರು ಅಳಿಸಿದಳು. ಮೇಜನ್ನೂ ಬದಲಾಯಿಸಿದಳು.

ಪೇಪರ್ ಓಡಿತು. ಎಲ್ಲೆಲ್ಲಿಯವರೋ ತಮ್ಮ ಪೇಪರುಗಳಲ್ಲಿ ಅವಳದನ್ನು ಹೆಸರಿಸತೊಡಗಿದರು. ಫೋನು ಟಿಂಗ್ ಅಂದರೆ ಇನ್ನೊಂದು ಸೈಟೇಶನ್ ಬಂತು ಅಂತ ಅರ್ಥ.

ಅವಳಿಗೆ ಏನೂ ಅನಿಸಲಿಲ್ಲ. ಖುಷಿಯೂ ಇಲ್ಲ, ಸಿಟ್ಟೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ತುಟಿ ಜೋಮು ಹಿಡಿದಿರುತ್ತಲ್ಲ, ಹಾಗೆ. ಇದೆ... ಆದರೆ ಇಲ್ಲ.

"ಕೆಲಸ ಕಾಯಂ ಆಗುತ್ತಂತಲ್ಲೇ!" ಫೋನಿನಲ್ಲಿ ಅಕ್ಕ ಕೂಗಿದಳು. "ಕುಣಿಯೋದು ಬಿಟ್ಟು ಕಲ್ಲಿನ ಥರ ಇದೀಯಲ್ಲ?"

"ಚೆನ್ನಾಗಿದೀನಿ ಅಕ್ಕ."

"ಚೆನ್ನಾಗಿರೋರ ದನಿ ಇದಲ್ಲ ಕಣೇ."

ಕಾಯಂ ಮಾಡೋ ಸಮಿತಿ ಉದ್ದ ಮೇಜಿನ ಆ ಕಡೆ ಕೂತಿತ್ತು. ಆ ಪೇಪರನ್ನು ಒಬ್ಬ ಮಹಾನುಭಾವನೂ ಓದಿರಲಿಲ್ಲ. ಸೈಟೇಶನ್ ಎಷ್ಟು ಅಂತ ಎಣಿಸಿದ್ದರು, ಮುಗೀತು! ದನದ ಹಲ್ಲು ಎಣಿಸೋರಾದರೂ ಒಮ್ಮೆ ದನದ ಮುಖ ನೋಡ್ತಾರೆ.

ವಿಭಾಗದ ಮುಖ್ಯಸ್ಥರು ಹಲ್ಲು ಬಿಟ್ಟರು. "ಒಂದೇ ಹೆಸರಿರೋದು ಒಳ್ಳೇದಾಯ್ತಮ್ಮ. ಆ ಬಲೂನಿನ ಹೆಸರೂ ಇದ್ದಿದ್ರೆ, ತಲೆ ಅವನದು, ಕೂಡಿ ಕಳೆದಿದ್ದು ಮಾತ್ರ ನಿಮ್ಮದು ಅಂತಿದ್ವಿ. ನೀವು ಪೇಪರ್ ಕಳಿಸೋ ಹಿಂದಿನ ದಿನವೇ ಅವನಿಗೂ ಹೇಳಿದ್ದೆ."

ಹಿಂದಿನ ದಿನವೇ...! ಅದಕ್ಕೇ ಅವನು ಹೆಸರು ತೆಗೆಸಿದ್ದು!

"ಸರ್, ಅದರಲ್ಲಿ ಅರ್ಧ ಅವನದು. ಇವತ್ತೇ ಪತ್ರಿಕೆಗೆ ತಿದ್ದುಪಡಿ ಕಳಿಸ್ತೀನಿ. ಅವನ ಹೆಸರು ಸೇರಬೇಕು."

"ಹಾಗಾದ್ರೆ ಈ ಸಲ ಕಾಯಂ ಆಗೋದು ಕಷ್ಟ."

"ಗೊತ್ತು ಸರ್."

ಕಟ್ಟಡದ ಹಿಂದಿನ ಬಯಲಿನಲ್ಲಿ ಅವನು ಬಲೂನಿಗೆ ಗ್ಯಾಸ್ ತುಂಬಿ, ಬಾಯಿ ಕಟ್ಟುತ್ತಿದ್ದ.

"ನಿನ್ನ ದಾನ ಯಾರು ಕೇಳಿದ್ರು?"

ಅವನ ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ರು... ನಿನ್ನ ಕೆಲಸ ಏನಾಯ್ತು?"

"ಹೋಯ್ತು ಅಂತ್ಲೇ ಇಟ್ಕೋ. ಸುಳ್ಳು ಅಂಕಿ ಹಿಡಿಯೋಳು ನಾನು! ನನ್ನ ಕೈಯಲ್ಲೇ ಸುಳ್ಳು ಬರೆಸಿದೆಯಲ್ಲೋ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ನೀನು ಒಪ್ತಿರಲಿಲ್ಲ."

"ಹೌದು, ಒಪ್ತಿರಲಿಲ್ಲ! ಅದಕ್ಕೇ ಹೇಳಬೇಕಿತ್ತು."

ಅವಳ ತುಟಿ ನಡುಗಿತು. ಜೋಮು ಬಿಟ್ಟ ಮೇಲೆ ಬರೋ ನೋವು ಅದು, ಒಂದೇ ಸಮನೆ ಬಂತು. ಕೆನ್ನೆ ಒದ್ದೆಯಾದದ್ದು ಅವಳಿಗೆ ಮುಟ್ಟಿ ನೋಡಿದಾಗಲೇ ಗೊತ್ತಾಯ್ತು.

ಅವನು ಎರಡೂ ಕೈ ಚಾಚಿದ. ಬಲೂನು ತಪ್ಪಿಸಿಕೊಂಡು ಸುಯ್ಯನೆ ಮೇಲೆ ಹೋಯಿತು.

"ಲೋ, ಥರ್ಮಾಮೀಟರ್ ಕಟ್ಟೇ ಇಲ್ಲ!"

"ಹೋಗ್ಲಿ ಬಿಡು... ನಿನ್ನ ಮೇಲೆ ಪ್ರಾಣ ಇಟ್ಕೊಂಡಿದೀನಿ ಕಣೇ. ಅದನ್ನೂ ಹೇಳದೇ ಬಿಟ್ಟಿದ್ದೆ. ನಿನ್ನ ಪಕ್ಕ ನನ್ನ ಹೆಸರು ಹಾಕ್ತೀಯಾ?"

"ತಿದ್ದುಪಡಿ ಕಳಿಸಿಯೇ ಬಂದೆ."

"ಯಾರದು ಮೊದಲು?"

"ನನ್ನದೇ. ಧೈರ್ಯ ಇದ್ರೆ ಈ ಸಲ ತೆಗೆಸು ನೋಡೋಣ!"

ಅವನು ಅವಳ ತಣ್ಣಗಿದ್ದ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡ.

"ಕೇಳದೆ ತೆಗೆಸಲ್ಲ."

"ಕೇಳಿದ್ರೂ ತೆಗೆಯಲ್ಲ ಕಣೋ."