ವಿಭೂತಿ ಡಬ್ಬಿಯಲ್ಲಿ ಬಚ್ಚಿಟ್ಟ ಗುಳಿಗೆ

ಹೆಣ್ಣು ನೋಡಲು ಬಂದ ಹಾಲೇಶನ ತೊಡೆಯ ಮೇಲೆ ಗುಳಿಗೆಯ ಶೀಟೊಂದು ಬಂದು ಬಿತ್ತು!

ಆದೋನಿಯ ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರ ಪಡಸಾಲೆಯಲ್ಲಿ ಎಲ್ಲರೂ ಕತ್ತು ಚಾಚಿದರು. ಎಲ್ಲರ ಹಣೆಗೆ ವಿಭೂತಿ ಹಚ್ಚಲೆಂದು ಮನೆಯ ಪುರೋಹಿತ ಗುರುಪಾದಯ್ಯನವರು ಡಬ್ಬಿ ತೆರೆದಿದ್ದರು, ಅಷ್ಟೇ.

ಶೀಟನ್ನು ಅಲ್ಲಿ ಬಚ್ಚಿಟ್ಟವಳು ಕೊಟ್ರಬಸಪ್ಪನವರ ಮಗಳು ಪ್ರತಿಮಾಳ ಸೋದರತ್ತೆ ಗುರುಬಸಮ್ಮ. ದೇವರ ಡಬ್ಬಿಗೆ ಬೀಗರು ಕೈ ಹಾಕುವುದಿಲ್ಲವೆಂಬ ಜಾಣತನ! ಅಯ್ಯನವರು ಬಂದರೆ ಮೊದಲು ಕೈ ಹಾಕುವುದೇ ಅದಕ್ಕೆಂದು ಆ ಮಹಾ ಬುದ್ಧಿಗೆ ಹೊಳೆಯಲಿಲ್ಲ.

"ಎಂಥಾ ಗುಳಿಗಿರಿ ಇವು?" ಹಾಲೇಶನ ತಾಯಿ ಕೊಟ್ರಮ್ಮ ಹುಬ್ಬೇರಿಸಿದಳು.

"ನೆಗಡೀವು ರೀ..." ಗುರುಬಸಮ್ಮ ತಡವರಿಸಿದಳು.

"ಅಲ್ಲರಿ," ಪ್ರತಿಮಾ ತಲೆಯೆತ್ತಿದಳು. "ನಂಗ ಬೈಪೋಲಾರ್ ಐತಿ. ಒಮ್ಮೊಮ್ಮೆ ಮನಸ್ಸು ಹಿಡಿತ ತಪ್ಪಿ ಏರತೈತಿ. ಒಮ್ಮೊಮ್ಮೆ ಮಕ ತೊಳ್ಕಳಾಕೂ ಏಳಕಾಗಲ್ಲ. ಇವು ತಗಂತ ನಾಕು ವರ್ಷದಿಂದ ಚಲೋ ಅದೀನಿ."

"ಅಯ್ಯೋ ಶಿವನೇ, ಪಿಚ್ಚಿ! ಹುಚ್ಚು ಹುಡುಗಿ!" ಎಂದಳು ಕೊಟ್ರಮ್ಮ.

ಹಾಲೇಶ ಶೀಟನ್ನು ಜೇಬಿಗಿಟ್ಟುಕೊಂಡು ಎದ್ದು ಹೋದ.

'ಹೇಡಿ! ಹೋಗೋದು ಹೋಗ್ಲಿ, ಗುಳಿಗಿ ಯಾಕ ಒಯ್ದ? ಊರಿಗೆಲ್ಲ ತೋರಿಸಾಕೇನು?'

ಪ್ರತಿಮಾಗೆ ಮೈಯೆಲ್ಲ ಉರಿಯಿತು. ಹತ್ತಿಯನ್ನು ಮುಟ್ಟಿದೊಡನೆ ತೇವ ಹೇಳುವ ಜನ ತನ್ನ ಮನೆಯವರು. ಮನೆಮಗಳು ಮೂರು ವಾರ ಹಾಸಿಗೆ ಬಿಟ್ಟು ಏಳದಿದ್ದಾಗ ಮಾತ್ರ 'ಸೋಮಾರಿ' ಎಂದು ಕೈತೊಳೆದುಕೊಂಡಿದ್ದರು. ಅವಳು ಬೇರೆ ಶೀಟು ಕೊಂಡು ತಂದಳು. ಆದರೂ ಆ ಹುಡುಗನ ಮುಖ ಯಾಕೋ ಮರೆಯಲಾಗಲಿಲ್ಲ... ಅದಕ್ಕೇ ಇನ್ನಷ್ಟು ಸಿಟ್ಟು.

ಒಂಬತ್ತನೆಯ ದಿನ ಹಾಲೇಶ ಒಬ್ಬನೇ ಬಂದ. ಗುರುಬಸಮ್ಮ ಚಹಾ ತಂದಿಟ್ಟು, ಕದಲದೆ ಅಲ್ಲೇ ನಿಂತಳು.

"ಊರೆಲ್ಲ ತೋರಿಸಿ ಮುಗೀತೇನ್ರಿ?" ಪ್ರತಿಮಾ ಕೇಳಿದಳು.

"ಇಲ್ಲರಿ. ಹೆದರಿಕಿ ಆತು, ಅದಕ್ಕ ಎದ್ದು ಹೋದೆ. ಕರ್ನೂಲಿನ ಡಾಕ್ಟರಿಗೆ ಒಬ್ಬರಿಗೇ ತೋರಿಸಿದೆ. ನಿಮ್ಮ ಹೆಸರು ಹೇಳಲಿಲ್ಲ."

"ಏನಂದ್ರು?"

"ಬೈದ್ರು. 'ಆ ಹುಡುಗಿನ್ನ ಕೇಳೋದು ಬಿಟ್ಟು ನನ್ನ ಯಾಕ ಕೇಳ್ತಿ?' ಅಂದ್ರು." ಅವನ ದನಿ ತಗ್ಗಿತು. "ಅದಕ್ಕ ಕೇಳಾಕ ಬಂದೀನಿ. ನಿಮ್ಮ ಮನಸ್ಸು ಕುಸಿದ ದಿನ ನಾನೇನು ಮಾಡಬೇಕ್ರಿ?"

ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ! ಅವಳ ಕಣ್ಣು ತುಂಬಿ ಬಂತು.

"'ಎದ್ದೇಳು, ನಗು' ಅನ್ನಬ್ಯಾಡ್ರಿ. ಬಾಜು ಕುಂದರ್ರಿ, ಸಾಕು... ನಿಮ್ಮ ಅವ್ವ?"

"ಮಕ ಗಂಟ ಹಾಕ್ಯಾಳ. ಆಕಿನ್ನ ನಾನು ಒಪ್ಪಿಸ್ತೀನಿ. ನೀವು ಒಪ್ರಿ. ನಂಗ ನೀವ ಬೇಕು."

ಅವನು ಶೀಟನ್ನು ಹೊರತೆಗೆದ. ಗುರುಬಸಮ್ಮ ಗಾಬರಿಬಿದ್ದು ಒಳಗೆ ಓಡಿ, ವಿಭೂತಿ ಡಬ್ಬಿ ಹಿಡಿದು ಬಂದಳು.

"ಒಳಗ ಇಡ್ರಿ! ಯಾರಾದ್ರೂ ನೋಡ್ಯಾರು!"

ಪ್ರತಿಮಾ ಶೀಟನ್ನು ತೆಗೆದುಕೊಂಡು ಅವನ ಚಹಾ ಕಪ್ಪಿನ ಪಕ್ಕದಲ್ಲಿಟ್ಟಳು. "ನೋಡ್ಲಿ ಬಿಡು ಅತ್ತಿ."

ಹಾಲೇಶ ಮೆಲ್ಲಗೆ ಕೇಳಿದ, "ನಮ್ಮ ಮನ್ಯಾಗ ಇದನ್ನ ಎಲ್ಲಿ ಇಡೋಣರಿ?"

"ಉಪ್ಪಿನ ಡಬ್ಬಿ ಬಾಜು," ಅವಳು ಅಳುತ್ತಲೇ ನಕ್ಕಳು. "ದಿನಾ ಕೈಗೆ ಸಿಗಂಗ."