ಸತ್ತದ್ದು ಕುರಿಗಳು ಮಾತ್ರ

ನೀರಿನ ತೊಟ್ಟಿಯ ಬಳಿ ಇನ್ನೊಂದು ಕುರಿ ಸತ್ತು ಬಿದ್ದಿತ್ತು. ಪಕ್ಕದಲ್ಲೇ ಹಸುಗಳು ಏನೂ ಆಗದ ಹಾಗೆ ಮೇಯುತ್ತಿದ್ದವು.

"ಒಂದೇ ಹುಲ್ಲು, ಒಂದೇ ನೀರು. ಸಾಯೋದು ಮಾತ್ರ ನನ್ನ ಕುರಿ! ಇನ್ನೇನು ಸಾಕ್ಷಿ ಬೇಕು ಡಾಕ್ಟ್ರೇ?" ಎಂದಳು ಅಕ್ಕ. ಕುರಿಗಳು ಅವಳವು, ಹಸುಗಳು ತಮ್ಮನವು, ಹುಲ್ಲುಗಾವಲು ಇಬ್ಬರದೂ.

"ನಾನು ವಿಷ ಹಾಕ್ತೀನಾ ಅಕ್ಕಾ?"

"ನನ್ನನ್ಯಾಕೆ ಕೇಳ್ತೀಯ? ನಿನ್ನ ಮನಸ್ಸನ್ನೇ ಕೇಳ್ಕೋ."

ಬೇಲಿ ತಂತಿಯ ಸುರುಳಿಗಳು ಬಂದಿಳಿದಿದ್ದವು. ನಾಳೆ ಹುಲ್ಲುಗಾವಲು ಎರಡು ಹೋಳು. ಅದರ ಅರ್ಥ ಪಶುವೈದ್ಯೆಗೆ ಗೊತ್ತಿತ್ತು. ಉದ್ದ ಹುಲ್ಲು ಹಸುವಿಗೆ. ಅದು ಬಿಟ್ಟ ಗಿಡ್ಡ ಹುಲ್ಲು, ಕಳೆ ಕುರಿಗೆ. ಒಂದರ ಹೊಟ್ಟೆಹುಳು ಇನ್ನೊಂದಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಈ ನೆಲ ಎರಡು ಮನೆ ಸಾಕುತ್ತಿದ್ದದ್ದೇ ಹಾಗೆ. ಬೇಲಿ ಬಿದ್ದರೆ ಅರ್ಧ ನೆಲ ಒಂದು ಮನೆಯನ್ನೂ ಸಾಕದು.

ಅವಳು ಬಗ್ಗಿ ಕುರಿಯ ರೆಪ್ಪೆ ಎತ್ತಿದಳು. ಹಳದಿ.

"ಮೂತ್ರ?"

"ಕೆಂಪಗೆ, ಕಡು ಚಹಾ ಥರ."

"ಪಕ್ಕದ ಹೊಲದವರು ಔಷಧಿ ಹೊಡೆದ್ರಾ?"

"ಹೊಡೆದಿದ್ರೆ ಇವನ ಹಸುಗಳಿಗೂ ತಾಗ್ಬೇಕಿತ್ತಲ್ಲ?" ಅಕ್ಕ ಬಿಡಲಿಲ್ಲ.

ವೈದ್ಯೆ ಕೊಟ್ಟಿಗೆಗೆ ನಡೆದಳು. ಕಂಬಕ್ಕೆ ಹಸುಗಳು ನೆಕ್ಕುವ ಉಪ್ಪಿನ ಇಟ್ಟಿಗೆ ಕಟ್ಟಿತ್ತು, ಮೊಣಕಾಲಿನ ಎತ್ತರಕ್ಕೆ. ಹಗ್ಗ ತಿಕ್ಕಿದ ಹಳೆಯ ಗುರುತು ಮಾತ್ರ ಎದೆಯ ಎತ್ತರದಲ್ಲಿ! ಇಟ್ಟಿಗೆಯ ಮೇಲುಭಾಗ ಹಸುವಿನ ಅಗಲ ನಾಲಿಗೆಗೆ ಸವೆದು ನುಣುಪಾಗಿತ್ತು. ಕೆಳಗಂಚಿನ ತುಂಬ ಪುಟ್ಟ ಪುಟ್ಟ ಗುಳಿಗಳು. ಕಂಬದ ಸೀಳಿನಲ್ಲಿ ಉಣ್ಣೆಯ ಎಳೆ.

"ಇದನ್ನ ಕೆಳಗಿಳಿಸಿದ್ದು ಯಾರು?"

"ಹಗ್ಗ ಜಾರಿದೆ ಅಂದ್ಕೊಂಡಿದ್ದೆ," ಎಂದ ತಮ್ಮ.

"ನಾನೇ, ಚಳಿಗಾಲದಲ್ಲಿ," ಅಕ್ಕ ತಲೆಯೆತ್ತಿದಳು. "ತಪ್ಪೇನು? ಖರ್ಚಲ್ಲಿ ಅರ್ಧ ನಂದು. ನನ್ನ ಕುರಿಗಳೂ ನೆಕ್ಕಲಿ!"

ವೈದ್ಯೆ ಅವಳತ್ತ ತಿರುಗಿದಳು. ಪಕ್ಕದ ಹೊಲದವರ ಔಷಧಿಯನ್ನು ದೂರುವುದು ಸುಲಭವಾಗಿತ್ತು.

"ಹುಲ್ಲು ಒಂದೇ, ನೀರು ಒಂದೇ ಅಂದ್ರಿ. ಉಪ್ಪೂ ಒಂದೇ ಆಗಿತ್ತು—ಅದನ್ನ ಯಾರೂ ನೋಡ್ಲಿಲ್ಲ. ಇದು ಹಸುಗಳಿಗೆ ಅಂತ ಮಾಡಿದ್ದು. ತಾಮ್ರ ಇದೆ. ಹಸು ತಡ್ಕೊಳ್ಳುತ್ತೆ. ಕುರಿಗೆ ಲಿವರ್‌ನಲ್ಲಿ ಕೂಡ್ತಾ ಹೋಗುತ್ತೆ. ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ರಕ್ತಕ್ಕೆ ಇಳಿಯುತ್ತೆ. ಕಣ್ಣು ಹಳದಿ, ಮೂತ್ರ ಕೆಂಪು. ಕುರಿ ಕೊಂದಿದ್ದು ನೀವೇ ಅಮ್ಮಾ. ಹಸು, ಕುರಿ ಹುಲ್ಲನ್ನ ಯಾವತ್ತೂ ಅರ್ಧರ್ಧ ಹಂಚ್ಕೊಂಡಿರ್ಲಿಲ್ಲ. ಬೇಕಾದ್ದು ತಿಂದು, ಮಿಕ್ಕಿದ್ದು ಬಿಡ್ತಿದ್ವು."

ಅಕ್ಕ ಇಟ್ಟಿಗೆಯ ಹಗ್ಗ ಬಿಚ್ಚಿದಳು.

"ಉಳಿದವು?"

"ಮದ್ದು ಇವತ್ತೇ ಶುರು ಮಾಡಿದ್ರೆ ಕೆಲವು ಉಳೀಬಹುದು."

"ಬೇಲಿಯವರಿಗೆ ಬರಬೇಡಿ ಅನ್ಲಾ?" ತಮ್ಮ ಗೋಡೆ ನೋಡುತ್ತ ಕೇಳಿದ.

ಅಕ್ಕ ಇಟ್ಟಿಗೆಯನ್ನು ಹಳೆಯ ಗುರುತಿನ ಎತ್ತರಕ್ಕೆ ಬಿಗಿದು ಕಟ್ಟಿದಳು.

"ಅನ್ನು."

ತಮ್ಮ ಅಂಗಿಯ ತೋಳು ಮಡಚಿ ಹತ್ತಿರದ ಕುರಿಯನ್ನು ತಬ್ಬಿ ಹಿಡಿದ. ಅದು ಕೊಸರಾಡಿತು.

"ಬಾ ಅಕ್ಕಾ, ಮದ್ದಿಗೆ ಇದರ ಬಾಯಿ ತೆರೆಸು. ಹಠದಲ್ಲಿ ಥೇಟ್ ನಿನ್ನ ಹಾಗೇ ಇದೆ."